ಸಾಲ ಮಾಡದ ತಂಡ

ಉತ್ತರ ಸ್ಪೇನಿನ ಬಾಸ್ಕ್ ಸೀಮೆಯಲ್ಲಿ, ಬಿಲ್ಬಾವೊ ಮತ್ತು ಸಾನ್ ಸೆಬಾಸ್ಟಿಯನ್ ನಗರಗಳ ನಡುವೆ, ಎಗೊ ಎಂಬ ಸಣ್ಣ ಹೊಳೆಯ ಇಕ್ಕಟ್ಟಾದ ಕಣಿವೆಯಲ್ಲಿ ಐಬಾರ್ ಎಂಬ ಊರಿದೆ. ಜನಸಂಖ್ಯೆ ಸುಮಾರು 27,000. ಸಮತಟ್ಟಾದ ನೆಲ ಸಿಗುವುದೇ ಕಷ್ಟ. ಹಾಗಾಗಿ ಊರು ಅಗಲಕ್ಕಿಂತ ಎತ್ತರಕ್ಕೆ ಬೆಳೆದಿದೆ. ಇಪುರುವಾ ಎಂಬ ಫುಟ್‌ಬಾಲ್ ಮೈದಾನಕ್ಕೆ ಅಂಟಿಕೊಂಡಂತೆ ನಿಂತ ಮನೆಗಳವರು ತಮ್ಮ ಬಾಲ್ಕನಿಯಿಂದಲೇ ಪಂದ್ಯ ನೋಡಬಲ್ಲರು. ಈ ಊರಿನ ತಂಡ 2014ರಿಂದ 2021ರವರೆಗೆ ಏಳು ಋತುಗಳ ಕಾಲ ಲಾ ಲಿಗಾದಲ್ಲಿ, ಅಂದರೆ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಆಡುವ ಮೊದಲ ದರ್ಜೆಯಲ್ಲಿ ಆಡಿತು. ಇಷ್ಟು ಚಿಕ್ಕ ಊರೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಪತ್ರಿಕೆಗಳು ಇದನ್ನು ಪವಾಡವೆಂದು ಕರೆದವು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪವಾಡ ಎಂದುಬಿಟ್ಟರೆ ಆ ಊರಿನ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಐಬಾರ್ ತಂಡದ ಕತೆಯನ್ನು ಅಲ್ಲಿನ ಕಾರ್ಖಾನೆಗಳಿಂದಲೇ ಶುರುಮಾಡಬೇಕು.

ಈ ತಂಡದವರಿಗೆ ಇಂದಿಗೂ 'ಆರ್ಮೆರೋಸ್', ಅಂದರೆ ಬಂದೂಕು ಮಾಡುವವರು ಎಂದೇ ಹೆಸರು. ಶತಮಾನಗಳ ಕಾಲ ಐಬಾರ್ ಬಂದೂಕಿನ ಊರು. ಉಕ್ಕಿನೊಳಗೆ ಚಿನ್ನದ ಎಳೆ ಕೂರಿಸುವ ಕುಸುರಿಯಲ್ಲೂ ಇಲ್ಲಿನವರು ಪಳಗಿದ್ದರು; ನಮ್ಮ ಬಿದರಿ ಕೆಲಸಕ್ಕೆ ಹತ್ತಿರದ ಕಸುಬು ಅದು. ಅದರಲ್ಲಿ ಹೆಸರಾದ ಸುಲೋಗಾ ಮನೆತನದಲ್ಲೇ 1870ರಲ್ಲಿ ಚಿತ್ರಕಾರ ಇಗ್ನಾಸಿಯೊ ಸುಲೋಗಾ ಹುಟ್ಟಿದ. ಮೊದಲ ಮಹಾಯುದ್ಧ ಮುಗಿದು ಬಂದೂಕಿಗೆ ಬೇಡಿಕೆ ಇಳಿದಾಗ ಕುಶಲಕರ್ಮಿಗಳು ಕೈಕಟ್ಟಿ ಕೂರಲಿಲ್ಲ. ನಳಿಗೆ ಮಾಡುತ್ತಿದ್ದ ಕೈಗಳು ಸೈಕಲ್ಲಿನ ಕೊಳವೆ ಮಾಡತೊಡಗಿದವು. 1840ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಶುರುವಾದ ಒರ್ಬಿಯಾ ಇಂದು ಸೈಕಲ್ ಸವಾರರೆಲ್ಲ ಬಲ್ಲ ಹೆಸರು. 1920ರಲ್ಲಿ ಕೆಲಸಗಾರರೇ ಕೂಡಿ ಕಟ್ಟಿದ ಆಲ್ಫಾ ಎಂಬ ಸಹಕಾರಿ ಸಂಸ್ಥೆ ಹೊಲಿಗೆ ಯಂತ್ರಕ್ಕೆ ಹೊರಳಿತು. ಕೈಲಾದಷ್ಟು ಬಂಡವಾಳ, ಕೈತುಂಬ ಕೌಶಲ, ಲಾಭನಷ್ಟಕ್ಕೆ ಎಲ್ಲರ ಹೆಗಲು: ಇದು ಈ ಕಣಿವೆಯ ಬದುಕಿನ ಕ್ರಮ. ರಾಜಕೀಯದಲ್ಲೂ ಊರು ಹಿಂದೆ ನಿಂತದ್ದಿಲ್ಲ. 1931ರ ಏಪ್ರಿಲ್ 14ರ ಬೆಳಗಿನ ಜಾವ ಸ್ಪೇನಿನಲ್ಲಿ ಎಲ್ಲರಿಗಿಂತ ಮೊದಲು ಗಣರಾಜ್ಯದ ಬಾವುಟ ಏರಿಸಿದ್ದು ಐಬಾರ್. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್‌ನಲ್ಲಿ ಬಿದ್ದ ಬಾಂಬುಗಳು ಊರಿನ ಬಹುಭಾಗವನ್ನು ನೆಲಸಮ ಮಾಡಿದವು.

ಆ ಅವಶೇಷಗಳ ನಡುವೆಯೇ 1940ರಲ್ಲಿ ಊರಿನ ಎರಡು ಸಣ್ಣ ತಂಡಗಳು ಸೇರಿ ಸೊಸಿಯೆದಾದ್ ದೆಪೋರ್ತಿವಾ ಐಬಾರ್ ಆಯಿತು. 1947ರಲ್ಲಿ ಇಪುರುವಾ ಮೈದಾನ ತೆರೆಯಿತು. 1950ರ ದಶಕದಲ್ಲಿ ಕೆಲವು ವರ್ಷ ಎರಡನೇ ದರ್ಜೆಯ ರುಚಿ ನೋಡಿ ಕೆಳಗಿಳಿದ ತಂಡ ಮುಂದಿನ ಮೂರು ದಶಕ ಕೆಳಗೇ ಇತ್ತು. 1988ರಲ್ಲಿ ಮೇಲೇರಿದ ಮೇಲೆ ಸತತ 18 ಋತು ಎರಡನೇ ದರ್ಜೆಯಲ್ಲಿ ನಿಂತುಕೊಂಡಿತು. ಈ ಹದಿನೆಂಟು ವರ್ಷಗಳ ಬಗ್ಗೆ ಬರೆದವರು ಕಡಿಮೆ. ನನ್ನ ಮಟ್ಟಿಗೆ ಮುಂದಿನದೆಲ್ಲಕ್ಕೂ ತಳಪಾಯ ಅದೇ. ದುಡ್ಡು ಕೊಟ್ಟು ಆಟಗಾರರನ್ನು ಕೊಳ್ಳಲಾಗದ ತಂಡ ದೊಡ್ಡ ಕ್ಲಬ್ಬುಗಳ ಎಳೆಯರನ್ನು ಎರವಲು ತಂದು ಆಡಿಸುವುದನ್ನು ಕಲಿತದ್ದು ಆಗಲೇ. 2000ದಲ್ಲಿ ರಿಯಲ್ ಸೊಸಿಯೆದಾದ್‌ನಿಂದ ಹಾಗೆ ಬಂದ ಹುಡುಗ ಶಾಬಿ ಅಲೋನ್ಸೊ. 2004ರಲ್ಲಿ ವಲೆನ್ಸಿಯಾದಿಂದ ಬಂದ ಹದಿನೆಂಟರ ಹುಡುಗ ಡೇವಿಡ್ ಸಿಲ್ವಾ. ಇಬ್ಬರೂ 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದರು. ಮಳೆ, ಕೆಸರು, ಗಟ್ಟಿ ಡಿಕ್ಕಿಗಳ ಇಪುರುವಾದಲ್ಲಿ ಅವರ ಆಟ ಬಲಿಯಿತು.

ಆಮೇಲೆ ಒಮ್ಮೆ ಇಳಿದು ಏರಿದ ತಂಡ 2009ರಲ್ಲಿ ಮತ್ತೆ ಮೂರನೇ ದರ್ಜೆಗೆ ಬಿತ್ತು. ಅಲ್ಲಿಂದ ಎತ್ತಿದವರು ತರಬೇತುದಾರ ಗಾಯ್ಸ್ಕಾ ಗರಿತಾನೊ. 2013ರಲ್ಲಿ ಎರಡನೇ ದರ್ಜೆ. 2014ರಲ್ಲಿ ಅದರ ಅಗ್ರಸ್ಥಾನ, ಜೊತೆಗೆ ಲಾ ಲಿಗಾಕ್ಕೆ ಪ್ರವೇಶ.

ಆಗ ಅಡ್ಡ ಬಂದದ್ದು ಕಾನೂನು. ಸ್ಪೇನಿನ ಕ್ಲಬ್ಬುಗಳು 1980ರ ದಶಕದಲ್ಲಿ ಸಾಲದಲ್ಲಿ ಮುಳುಗಿದ್ದವು. ಅದಕ್ಕೆ ಕಡಿವಾಣ ಹಾಕಲು 1990ರ ಕ್ರೀಡಾ ಕಾಯ್ದೆ ಬಹುಪಾಲು ವೃತ್ತಿಪರ ಕ್ಲಬ್ಬುಗಳನ್ನು ಷೇರು ಕಂಪನಿಗಳಾಗಿಸಿತು. 1999ರ ರಾಜಾಜ್ಞೆಯೊಂದು ಅವುಗಳಿಗೆ ಕನಿಷ್ಠ ಬಂಡವಾಳ ಗೊತ್ತುಮಾಡಿತು: ಎರಡನೇ ದರ್ಜೆಯ ತಂಡಗಳ ಸರಾಸರಿ ಖರ್ಚಿನ ಕಾಲು ಭಾಗ. ಈ ಲೆಕ್ಕದ ಪ್ರಕಾರ ಸುಮಾರು 4.22 ಲಕ್ಷ ಯೂರೊ ಬಂಡವಾಳದ ಐಬಾರ್ ಇನ್ನೂ 17.24 ಲಕ್ಷ ಯೂರೊ ಕೂಡಿಸಬೇಕಿತ್ತು. ಆಗಸ್ಟ್ ಮೊದಲ ವಾರದೊಳಗೆ ಕೂಡಿಸದಿದ್ದರೆ ಗೆದ್ದ ಲಾ ಲಿಗಾವೂ ಇಲ್ಲ, ಇದ್ದ ಎರಡನೇ ದರ್ಜೆಯೂ ಇಲ್ಲ, ನೇರ ಮೂರನೆಯದಕ್ಕೆ. ಐಬಾರ್‌ಗೆ ಸಾಲವೇ ಇರಲಿಲ್ಲ. ನೂರಾರು ಕೋಟಿ ಸಾಲ ಹೊತ್ತ ಕ್ಲಬ್ಬುಗಳು ಅದೇ ಲೀಗಿನಲ್ಲಿ ನಿಶ್ಚಿಂತೆಯಿಂದ ಆಡುತ್ತಿದ್ದವು. ಬೇರೆಯವರ ಖರ್ಚನ್ನು ಅಳತೆಗೋಲಾಗಿಟ್ಟ ಕಾನೂನು, ಕಡಿಮೆ ಖರ್ಚಿನಲ್ಲಿ ಸಂಸಾರ ತೂಗಿಸಿದವರನ್ನೇ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಿತು. ಇದು ಶುದ್ಧ ಅನ್ಯಾಯ ಎಂದು ಹೇಳಲು ನನಗೆ ಅಳುಕಿಲ್ಲ.

ಒಬ್ಬ ಶ್ರೀಮಂತ ಬಂದು ಚೆಕ್ ಬರೆದಿದ್ದರೆ ತಾಪತ್ರಯ ಒಂದೇ ದಿನದಲ್ಲಿ ತೀರುತ್ತಿತ್ತು. ಕ್ಲಬ್ಬು ಆ ಬಾಗಿಲನ್ನೇ ಮುಚ್ಚಿತು. ಯಾರೂ ಒಂದು ಲಕ್ಷ ಯೂರೊಗಿಂತ ಹೆಚ್ಚಿನ ಷೇರು ಕೊಳ್ಳುವಂತಿಲ್ಲ ಎಂದು ಮಿತಿ ಹಾಕಿ, 'ಐಬಾರನ್ನು ಕಾಪಾಡಿ' ಎಂಬ ಕರೆಯೊಂದಿಗೆ ಐವತ್ತು ಯೂರೊ ಕೊಟ್ಟರೂ ಸಾಕು ಎಂದು ಜಗತ್ತಿನ ಮುಂದೆ ಹೋಯಿತು. ಒಮ್ಮೆ ಇಪುರುವಾದಲ್ಲಿ ಆಡಿಹೋದ ಅಲೋನ್ಸೊ ಕೂಡ ದನಿಗೂಡಿಸಿದರು. ಅರವತ್ತಕ್ಕೂ ಹೆಚ್ಚು ದೇಶಗಳ ಜನ ಷೇರು ಕೊಂಡರು. ಗಡುವಿಗೆ ಮುನ್ನವೇ ಮೊತ್ತ ತುಂಬಿತು. ಎಂದೂ ಆ ಊರು ಕಾಣದವರೂ ಅದರ ಪಾಲುದಾರರಾದರು. ಕಾನೂನಿನ ಒತ್ತಾಯದಿಂದ ಬಂದ ಷೇರು ವ್ಯವಸ್ಥೆಯನ್ನು ಈ ಊರು ತನ್ನ ಹಳೆಯ ಸಹಕಾರಿ ಗುಣಕ್ಕೆ ಬಗ್ಗಿಸಿಕೊಂಡಿತು.

2014ರ ಆಗಸ್ಟ್ 24ರಂದು ಮೊದಲ ಪಂದ್ಯ, ಎದುರಾಳಿ ನೆರೆಯ ರಿಯಲ್ ಸೊಸಿಯೆದಾದ್. ಹಾವಿ ಲಾರಾ ಹೊಡೆದ ಫ್ರೀ ಕಿಕ್‌ನಿಂದ ಐಬಾರ್ 1-0 ಗೆದ್ದಿತು. ಋತುವಿನ ಮೊದಲರ್ಧ ಚೆನ್ನಾಗಿತ್ತು, ಎರಡನೆಯ ಅರ್ಧದಲ್ಲಿ ತಂಡ ಕುಸಿಯಿತು. ಕೊನೆಯಲ್ಲಿ ದೆಪೋರ್ತಿವೊ, ಗ್ರನಾದಾ, ಐಬಾರ್ ಮೂವರಿಗೂ 35 ಅಂಕ. ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಐಬಾರ್ 18ನೆಯದಾಗಿ ಕೆಳಗಿಳಿಯಬೇಕಾಯಿತು. ಅಷ್ಟರಲ್ಲಿ ತೆರಿಗೆ ಬಾಕಿ ಉಳಿಸಿಕೊಂಡಿದ್ದ ಎಲ್ಚೆ ಕ್ಲಬ್ಬನ್ನು ಲೀಗ್ ಕೆಳಗಿಳಿಸಿತು. ಆ ಜಾಗ ಐಬಾರ್‌ಗೆ ಉಳಿಯಿತು. ಹಿಂದಿನ ವರ್ಷ ಸಾಲವಿಲ್ಲದವರನ್ನು ದಂಡಿಸಹೊರಟಿದ್ದ ಅದೇ ವ್ಯವಸ್ಥೆ ಈಗ ಬಾಕಿದಾರನನ್ನು ದಂಡಿಸಿ ಅವರನ್ನು ಉಳಿಸಿತು.

ಅಲ್ಲಿಂದ ಮುಂದಿನದು ಹೊಸೆ ಲೂಯಿಸ್ ಮೆಂದಿಲಿಬಾರ್ ಕಾಲ. ಪಕ್ಕದ ಸಾಲ್ದಿಬಾರ್ ಊರಿನವರು, ಸಿಲ್ವಾ ಆಡಿದ ವರ್ಷ ತಂಡವನ್ನು ಎರಡನೇ ದರ್ಜೆಯಲ್ಲಿ ನಾಲ್ಕನೇ ಸ್ಥಾನಕ್ಕೆ ತಂದವರೂ ಅವರೇ. ಚಿಕ್ಕ ತಂಡ ತನ್ನ ಗೋಲಿನ ಮುಂದೆ ಗುಂಪುಗೂಡಿ ಕಾಯಬೇಕೆಂಬ ವಾಡಿಕೆಯನ್ನು ಅವರು ಒಪ್ಪಲಿಲ್ಲ. ರಕ್ಷಣಾ ಸಾಲನ್ನು ಮೈದಾನದ ಮಧ್ಯದವರೆಗೆ ಏರಿಸಿ, ಎದುರಾಳಿಯ ಅರ್ಧದಲ್ಲೇ ಚೆಂಡು ಕಿತ್ತುಕೊಂಡು, ಅಂಚಿನಿಂದ ಮತ್ತೆ ಮತ್ತೆ ಒಳಗೆ ತೂರಿಸುವ ಆಟ ಅವರದು. ಇಪುರುವಾದ ಕಿರಿದಾದ ಅಂಗಳಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಜಪಾನಿನ ತಕಾಶಿ ಇನುಯಿಯಂಥವರು ಈ ಆಟದಲ್ಲಿ ಮಿಂಚಿದರು. 2017-18ರಲ್ಲಿ ಒಂಬತ್ತನೇ ಸ್ಥಾನ ಬಂತು. 2018ರ ನವೆಂಬರ್ 24ರಂದು ರಿಯಲ್ ಮ್ಯಾಡ್ರಿಡ್ ಇಪುರುವಾದಲ್ಲಿ 3-0 ಸೋತಿತು. ಸ್ಕಾಟ್ಲೆಂಡಿನ ಬಾವುಟ ಹಿಡಿದು ಬರುವ 'ಎಸ್ಕೋಸಿಯಾ ಲಾ ಬ್ರಾವಾ' ಅಭಿಮಾನಿ ಬಳಗಕ್ಕೆ ಅಂದು ಹಬ್ಬ. ಇತ್ತ 2015ರ ಸರ್ಕಾರಿ ಆದೇಶ ಟಿವಿ ಹಕ್ಕುಗಳನ್ನು ಎಲ್ಲ ಕ್ಲಬ್ಬುಗಳ ಪರವಾಗಿ ಒಟ್ಟಿಗೆ ಮಾರುವಂತೆ ಮಾಡಿತ್ತು. ಚಿಕ್ಕವರ ಪಾಲು ಬೆಳೆಯಿತು. ಮೈದಾನ ಐದು ಸಾವಿರ ಚಿಲ್ಲರೆ ಆಸನಗಳಿಂದ ಎಂಟು ಸಾವಿರಕ್ಕೆ ಹಿಗ್ಗಿತು.

2021ರಲ್ಲಿ ಕೊನೆಯ ಸ್ಥಾನಕ್ಕಿಳಿದು ತಂಡ ಲಾ ಲಿಗಾ ಬಿಟ್ಟಿತು. ಮರುವರ್ಷ ಕೊನೆಯ ದಿನ, ಆಗಲೇ ಕೆಳಗಿಳಿಯುವುದು ಖಚಿತವಾಗಿದ್ದ ಅಲ್ಕೊರ್ಕೋನ್ ಎದುರು 0-1 ಸೋತು ನೇರ ಬಡ್ತಿ ಕೈಬಿಟ್ಟಿತು. ಆಮೇಲೆ ಬಡ್ತಿಯ ಪ್ಲೇಆಫ್‌ನಲ್ಲಿ 2022ರಲ್ಲಿ ಜಿರೋನಾ, 2023ರಲ್ಲಿ ಅಲಾವೆಸ್, 2024ರಲ್ಲಿ ಒವಿಯೆದೊ ಎದುರು ಸೋಲು. ಇದೇ ಹೊತ್ತಿಗೆ ಕ್ಲಬ್ಬಿನ ಮಹಿಳಾ ತಂಡ ತನ್ನದೇ ದಾರಿ ಹಿಡಿದಿತ್ತು: 2020ರಲ್ಲಿ ಮೊದಲ ದರ್ಜೆಗೇರಿ, 2022ರಲ್ಲಿ ಇಳಿದು, 2023ರಲ್ಲಿ ಮತ್ತೆ ಏರಿತು. ಪುರುಷರು ಎರಡನೇ ದರ್ಜೆಯಲ್ಲಿ ಹೆಣಗುತ್ತಿದ್ದ ಆ ವರ್ಷ, ಸ್ಪೇನಿನ ಮೊದಲ ದರ್ಜೆಯಲ್ಲಿ ಐಬಾರ್ ಹೆಸರು ಹೊತ್ತು ಆಡಿದವರು ಹೆಂಗಸರು.