ಉಸಿರು ಸಾಲದ ಊರಲ್ಲಿ 72 ಕಿಲೋಮೀಟರ್ ಓಟ!

ತುಮಕೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿಬರುವವರಿಗೆ ಆ ದಾರಿ ಎಷ್ಟು ಉದ್ದ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು 70 ಕಿಲೋಮೀಟರ್. ಸೀಟು ಸಿಕ್ಕರೂ ಸೊಂಟ ಹಿಡಿಯುತ್ತದೆ. ಅಷ್ಟು ದೂರವನ್ನು ಕಾಲಲ್ಲೇ ಓಡಿ ಮುಗಿಸುವವರಿದ್ದಾರೆ ಅಂದರೆ ನಂಬ್ತೀರಾ? ಅದೂ ನಮ್ಮ ಬಯಲುಸೀಮೆಯ ರಸ್ತೆಯಲ್ಲಲ್ಲ ಸ್ವಾಮಿ, ದೇಶದ ಉತ್ತರದ ತುದಿ ಲಡಾಖ್‌ನ ಬೋಳು ಬೆಟ್ಟಗಳ ನಡುವೆ!

ಓಟದ ಹೆಸರು ಖರ್ದುಂಗ್ ಲಾ ಚಾಲೆಂಜ್. ದೂರ 72 ಕಿ.ಮೀ. 'ಲಾ' ಅಂದರೆ ಅಲ್ಲಿಯವರ ಮಾತಿನಲ್ಲಿ ಘಾಟಿ. ಬೆಳಗಿನ ಜಾವ 3 ಗಂಟೆಗೆ, ಕತ್ತಲಲ್ಲೇ, ಖರ್ದುಂಗ್ ಎಂಬ ಹಳ್ಳಿಯಿಂದ ಹೊರಡಬೇಕು. ಹಳ್ಳಿಯೇ ಸುಮಾರು 13,000 ಅಡಿ ಎತ್ತರದಲ್ಲಿದೆ. ಅಲ್ಲಿಂದ 32 ಕಿ.ಮೀ. ಬರೀ ಏರು. ಘಾಟಿಯ ನೆತ್ತಿಯ ಎತ್ತರ ಸುಮಾರು 17,600 ಅಡಿ. ನಮ್ಮ ಮುಳ್ಳಯ್ಯನಗಿರಿಯಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟಾದೀತು. ಆಮೇಲೆ ಲೇಹ್ ಪಟ್ಟಣಕ್ಕೆ 40 ಕಿ.ಮೀ. ಇಳಿಜಾರು. 'ಇಳಿಜಾರು ತಾನೇ, ಸಲೀಸು' ಅನ್ನಬೇಡಿ. ತೊಡೆ, ಮೊಣಕಾಲು ಕೈಕೊಡುವುದು ಅಲ್ಲೇ.

ಅರ್ಧ ಉಸಿರು

ದೂರ ಒಂದು ಕಷ್ಟವಾದರೆ ಗಾಳಿಯದು ಇನ್ನೊಂದು. ಘಾಟಿಯ ಮೇಲೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ. ಮೊದಲು ತಲೆನೋವು, ವಾಕರಿಕೆ, ನಿದ್ದೆಗೇಡು. ಅದನ್ನು ಲೆಕ್ಕಿಸದೆ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಪ್ರಾಣಕ್ಕೇ ಸಂಚಕಾರ. 'ನಾನು ಗಟ್ಟಿಗ, ದಿನಾ ಕಸರತ್ತು ಮಾಡ್ತೀನಿ' ಎಂಬ ಮಾತು ಅಲ್ಲಿ ನಡೆಯೋದಿಲ್ಲ. ಎತ್ತರದ ಕಾಯಿಲೆ ಪೈಲ್ವಾನನನ್ನೂ ಬಿಡದು.

ಅದಕ್ಕೇ ಓಟಗಾರರು ದಿನಗಟ್ಟಲೆ ಮೊದಲೇ ಲೇಹ್ ಸೇರುತ್ತಾರೆ. ಮೊದಲು ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಕೊನೆಗೆ ಓಟ. ಅಷ್ಟರಲ್ಲಿ ಉಸಿರಾಟ ಹೊಂದಿಕೊಳ್ಳುತ್ತದೆ, ರಕ್ತದಲ್ಲಿ ಕೆಂಪು ಕಣಗಳು ಹೆಚ್ಚತೊಡಗುತ್ತವೆ. ಅಲ್ಲೇ ಹುಟ್ಟಿ ಬೆಳೆದ ಲಡಾಖಿಗಳಿಗೆ ಈ ತಾಪತ್ರಯ ಕಡಿಮೆ. ಮುಂದಿನ ಸಾಲಿನಲ್ಲಿ ಹೆಚ್ಚಾಗಿ ಕಾಣುವವರೂ ಅವರೇ.

ಪೆಟ್ಟು ತಿಂದ ಊರು

2010ರ ಆಗಸ್ಟ್‌ನಲ್ಲಿ ಮೇಘಸ್ಫೋಟವಾಗಿ ಲೇಹ್ ಸುತ್ತಮುತ್ತ 200ಕ್ಕೂ ಹೆಚ್ಚು ಜನ ಸತ್ತರು. ಮನೆ ಮಠ ಕೆಸರಿನಲ್ಲಿ ಹೂತುಹೋದವು. ಆ ಪೆಟ್ಟಿನ ನಂತರ, 2012ರಲ್ಲಿ, ಲಡಾಖ್ ಮ್ಯಾರಥಾನ್ ಶುರುವಾಯಿತು. ಅಂಗಡಿ ಇಟ್ಟವರಿಗೆ ಇದರ ಲೆಕ್ಕ ಬೇಗ ಹತ್ತುತ್ತದೆ. ದಿನಗಟ್ಟಲೆ ತಂಗುವ ಓಟಗಾರ ಅಂದರೆ ಲಾಡ್ಜಿಗೂ ಗಿರಾಕಿ, ಟೀ ಅಂಗಡಿಗೂ ಗಿರಾಕಿ! 2023ರ ಫೆಬ್ರವರಿ 20ರಂದು ಹೆಪ್ಪುಗಟ್ಟಿದ ಪಾಂಗಾಂಗ್ ಸರೋವರದ ಮೇಲೇ 75 ಮಂದಿ 21 ಕಿ.ಮೀ. ಓಡಿ ಗಿನ್ನೆಸ್ ದಾಖಲೆ ಮಾಡಿದರು. ಹವಾಮಾನ ಹೀಗೇ ಬಿಸಿಯಾಗುತ್ತಾ ಹೋದರೆ ಓಡಲು ಮಂಜುಗಡ್ಡೆಯೇ ಉಳಿಯದು ಎಂದು ಎಚ್ಚರಿಸಲು ಅದಕ್ಕೆ 'ಕೊನೆಯ ಓಟ' ಅಂತಲೇ ಹೆಸರಿಟ್ಟಿದ್ದರು.

ಬೆಂಗಳೂರಿನಿಂದ ವಿಮಾನ ಹತ್ತಿದರೆ ಈಗ ಅದೇ ದಿನ ಲೇಹ್‌ನಲ್ಲಿ, ಅಂದರೆ 11,500 ಅಡಿ ಎತ್ತರದಲ್ಲಿ, ಇಳಿಯಬಹುದು. ಆದರೆ ದೇಹ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ನಿಮ್ಮ ಮನೆ ಹುಡುಗರು ಆ ಕಡೆ ಹೊರಟರೆ, ಓಡಲಿ ಬಿಡಲಿ, ಮೊದಲ ಎರಡು ದಿನ ತೆಪ್ಪಗೆ ಕೂತಿರಿ ಅಂತ ಹೇಳಿ ಕಳಿಸಿ. ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾನ ಮರ್ಯಾದೆ ನೋಡದೆ ತಕ್ಷಣ ಕೆಳಗಿಳಿಯಬೇಕು. ಓಟ ಮುಂದಿನ ವರ್ಷವೂ ಇರುತ್ತದೆ, ಓಡುವವನೂ ಇರಬೇಕಲ್ಲ!