ನಕಲು ಶುರುವಾಗುವ ಮುನ್ನ

ತೆರಕಣಾಂಬಿಯಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ, ಕ್ಷಯಕ್ಕೆ ಮಾತ್ರೆ ಶುರು ಮಾಡುವವರಿಗೆ ಒಂದು ಮಾತು ಮೊದಲೇ ತಿಳಿದಿದ್ದರೆ ಒಳ್ಳೆಯದು: ಮೂತ್ರ ಕೆಂಪಗೆ ಹೋದರೆ ಗಾಬರಿ ಬೇಡ. ಅದು ರಕ್ತವಲ್ಲ, ರಿಫಾಂಪಿಸಿನ್ ಔಷಧದ ಬಣ್ಣ. ಈ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದರ ಒಂದೇ ಒಂದು ಕಿಣ್ವವನ್ನು ಹಿಡಿದು. ಡಿಎನ್‌ಎ ನೋಡಿಕೊಂಡು ಆರ್‌ಎನ್‌ಎ ಕಟ್ಟುವ ಆರ್‌ಎನ್‌ಎ ಪಾಲಿಮರೇಸ್ ಅದು. ಹಿಡಿಯುವುದೂ ಕೆಲಸದ ಆರಂಭದಲ್ಲೇ.

ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 44 ಲಕ್ಷ ಅಕ್ಷರಜೋಡಿಗಳಿವೆ. ನಕಲು ಎಲ್ಲಿಂದ ಶುರುವಾಗಬೇಕೆಂಬುದು ಪಾಲಿಮರೇಸ್‌ಗೆ ತಾನಾಗಿ ತಿಳಿಯದು. ದಾರಿ ತೋರುವುದು ಸಿಗ್ಮಾ ಎಂಬ ಪ್ರೋಟೀನು, 1969ರಲ್ಲಿ ಪತ್ತೆಯಾಯಿತು. ಜೀನಿನ ತಲೆಬಾಗಿಲಲ್ಲಿರುವ ಗುರುತಿನ ಅಕ್ಷರಗಳನ್ನು ಅದು ಓದುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಸಿಗ್ಮಾಗಳು 7. ಕ್ಷಯದ ಬ್ಯಾಕ್ಟೀರಿಯಾದಲ್ಲಿ 13. ಮನುಷ್ಯರ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಅಡಗಿ ಕೂರಬೇಕಾದ ಜೀವಿಗೆ ಹೊತ್ತಿಗೊಂದು ಜೀನು ತೆರೆಯುವ ಚಾಕಚಕ್ಯತೆ ಬೇಕೇ ಬೇಕು.

ಗುರುತು ಸಿಕ್ಕಮೇಲೆ ಜೋಡಿ ಎಳೆಗಳು ಹನ್ನೆರಡು ಹದಿಮೂರು ಅಕ್ಷರಗಳಷ್ಟು ಬಿಚ್ಚಿಕೊಳ್ಳುತ್ತವೆ. ಇನ್ನು ಸಲೀಸಾಗಿ ಓಟ ಶುರುವೆಂದು ಅನಿಸುತ್ತದೆ. ಹಾಗಾಗುವುದಿಲ್ಲ, ನನಗಂತೂ ಇಡೀ ಕಥೆಯಲ್ಲಿ ಇದೇ ಸೋಜಿಗದ ಭಾಗ. ಕಿಣ್ವ ನಿಂತಲ್ಲೇ ನಿಂತು, ಬಾವಿಕಟ್ಟೆಯಲ್ಲಿ ನಿಂತವರು ಹಗ್ಗವನ್ನು ಕಾಲ ಬಳಿ ಗುಡ್ಡೆ ಹಾಕುತ್ತ ಸೇದುವಂತೆ, ಮುಂದಿನ ಡಿಎನ್‌ಎಯನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಎರಡಕ್ಷರ, ಐದಕ್ಷರ, ಎಂಟಕ್ಷರದ ಆರ್‌ಎನ್‌ಎ ತುಣುಕು ಕಟ್ಟಿ ಹೊರಗೆಸೆಯುತ್ತದೆ, ಮತ್ತೆ ಮೊದಲಿನಿಂದ. ಒಳಗೆ ತುಂಬಿದ ಡಿಎನ್‌ಎಯ ಬಿಗಿ ಹೆಚ್ಚಿದಾಗ ಎರಡರಲ್ಲಿ ಒಂದಾಗುತ್ತದೆ: ತುಣುಕು ಕಳಚಿ ಬೀಳುತ್ತದೆ, ಇಲ್ಲವೇ ಕಿಣ್ವ ತಲೆಬಾಗಿಲ ಹಿಡಿತ ಬಿಡಿಸಿಕೊಂಡು ಮುಂದೆ ಸಾಗುತ್ತದೆ. ಹೀಗೆ ಎಳೆದುಕೊಳ್ಳುವುದನ್ನು ಒಂಟಿ ಅಣುಗಳ ಮೇಲಿನ ಪ್ರಯೋಗಗಳು ತೋರಿಸಿಕೊಟ್ಟದ್ದು 2006ರಲ್ಲಿ.

ರಿಫಾಂಪಿಸಿನ್ ಕೂರುವುದು ಹೊಸ ಆರ್‌ಎನ್‌ಎ ಹೊರಬರುವ ದಾರಿಯ ಪಕ್ಕದಲ್ಲಿ. ಎರಡು ಮೂರು ಅಕ್ಷರ ಸೇರುವಷ್ಟರಲ್ಲಿ ದಾರಿ ಕಟ್ಟಿಹೋಗುತ್ತದೆ. ಉದ್ದದ ಎಳೆ ಆಗಲೇ ಬೆಳೆದಿದ್ದರೆ ಔಷಧದ ಆಟ ನಡೆಯದು. ನಮ್ಮ ಪಾಲಿಮರೇಸ್‌ನ ಆಕಾರ ಬೇರೆ, ಅದಕ್ಕೆ ಮಾತ್ರೆ ನುಂಗಿಯೂ ನಾವು ಬದುಕುತ್ತೇವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಕ್ಷಯದ ಬ್ಯಾಕ್ಟೀರಿಯಾ ಸೇರಿದ ಮೈಕೋಬ್ಯಾಕ್ಟೀರಿಯಾಗಳಲ್ಲಿ ನಕಲಿನ ಈ ಆರಂಭದ ಹಂತಗಳ ಬೆನ್ನು ಹತ್ತಿತು. ಅಲ್ಲೇ ದೀಪಂಕರ್ ಚಟರ್ಜಿ, ಪಾಲಿಮರೇಸ್‌ನ ಅತಿ ಚಿಕ್ಕ ಭಾಗವಾದ ಒಮೆಗಾದ ಮೇಲೆ ಕೆಲಸ ಮಾಡಿದರು. ಬಹುಕಾಲ ಯಾರೂ ಲೆಕ್ಕಕ್ಕಿಡದಿದ್ದ ಒಮೆಗಾ, ಕಿಣ್ವದ ದೊಡ್ಡ ಭಾಗವೊಂದು ಸರಿಯಾಗಿ ಮಡಿಚಿಕೊಳ್ಳಲು ನೆರವಾಗುತ್ತದೆ.

ರಿಫಾಂಪಿಸಿನ್ ಎದುರು ಬ್ಯಾಕ್ಟೀರಿಯಾವೂ ಸುಮ್ಮನಿರುವುದಿಲ್ಲ. ಕಿಣ್ವದ ಬೀಟಾ ಭಾಗದ ಜೀನಿನಲ್ಲಿ 81 ಅಕ್ಷರಗಳ ಒಂದು ಪುಟ್ಟ ತಾವಿದೆ. ಔಷಧಕ್ಕೆ ಜಗ್ಗದ ಬಹುಪಾಲು ತಳಿಗಳಲ್ಲಿ ಬದಲಾವಣೆ ಕಾಣುವುದು ಅಲ್ಲಿಯೇ. ಸೀಬಿನಾಟ್ ಯಂತ್ರಕ್ಕೆ ಕಫ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಅದು ಕ್ಷಯ ಇದೆಯೋ ಇಲ್ಲವೋ ಎಂಬುದರ ಜೊತೆಗೆ ಆ 81 ಅಕ್ಷರಗಳನ್ನೂ ಪರೀಕ್ಷಿಸಿ, ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಹೇಳುತ್ತದೆ.