ಭೂಬಳಕೆಯ ಮುನ್ನಂದಾಜಿಗೆ ಸಂರಕ್ಷಿತ ಪ್ರದೇಶಗಳ ನಕ್ಷೆ ತಯಾರಿಸುವ ಕ್ರಮ

ಒಂದು ತಾಲ್ಲೂಕಿನಲ್ಲಿ ಹೊಲವೆಷ್ಟು, ತೋಟವೆಷ್ಟು, ಕಾಡೆಷ್ಟು ಎಂಬುದು ಈಗ ಉಪಗ್ರಹ ಚಿತ್ರಗಳಿಂದ ತಿಳಿಯುತ್ತದೆ. ಎರಡು ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಹೋಲಿಸಿ, ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಎಲ್ಲೆಲ್ಲಿ ಏನೇನು ಬದಲಾದೀತು ಎಂದು ಗಣಕಯಂತ್ರದ ಸಹಾಯದಿಂದ ಅಂದಾಜು ಮಾಡಬಹುದು. ಜಲಾನಯನ, ರಸ್ತೆ, ನೀರಾವರಿ ಮುಂತಾದ ಯೋಜನೆಗಳಿಗೆ ಈ ಅಂದಾಜು ಉಪಯುಕ್ತ. ಆದರೆ ಇದರಲ್ಲಿ ಸಂರಕ್ಷಿತ ಪ್ರದೇಶಗಳನ್ನು ತಪ್ಪಾಗಿ ಗುರುತಿಸಿದರೆ ಅದರ ಪೆಟ್ಟು ಮೊದಲು ಬೀಳುವುದು ಕಾಡಂಚಿನ ರೈತನ ಮೇಲೆ. ಆದ್ದರಿಂದ ಈ ನಕ್ಷೆಯನ್ನು ತಯಾರಿಸುವ ಕ್ರಮವನ್ನು ಚಾಮರಾಜನಗರ ಜಿಲ್ಲೆಯ ಉದಾಹರಣೆಯೊಡನೆ ಇಲ್ಲಿ ವಿವರಿಸಲಾಗಿದೆ.

ಪದರ ಎಂದರೇನು?

ಮಳೆ, ಮಣ್ಣು, ಇಳಿಜಾರು, ರಸ್ತೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ನಕ್ಷೆ ಮಾಡಿ ಒಂದರ ಮೇಲೊಂದು ಹೊಂದಿಸುತ್ತಾರೆ. ಈ ಒಂದೊಂದು ನಕ್ಷೆಯೂ ಒಂದು ಪದರ. ಪ್ರತಿ ಪದರವನ್ನೂ ಸಮ ಅಳತೆಯ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಸಂರಕ್ಷಿತ ಪ್ರದೇಶದ ಪದರವು 'ಈ ಚೌಕದಲ್ಲಿ ಬದಲಾವಣೆ ಸಲ್ಲದು' ಎಂದು ಯಂತ್ರಕ್ಕೆ ತಿಳಿಸುತ್ತದೆ. ಇಡೀ ಪ್ರದೇಶದಲ್ಲಿ ಸಾಗುವಳಿ ಎಷ್ಟು ಹೆಚ್ಚುತ್ತದೆಂದು ಮೊದಲೇ ನಿಗದಿಮಾಡಿ, ಅನಂತರ ಅದನ್ನು ಚೌಕಗಳಿಗೆ ಹಂಚುವ ಪದ್ಧತಿಗಳಿವೆ. ಇವುಗಳಲ್ಲಿ ಒಂದು ಚೌಕವನ್ನು ಮುಚ್ಚಿದರೆ ಅದರ ಪಾಲಿನ ಒತ್ತಡ ಬೇರೆ ಚೌಕಕ್ಕೆ ಹೋಗುತ್ತದೆ. ಹೀಗಾಗಿ ಒಂದು ಕಡೆಯ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ.

ಕಾನೂನಿನಂತೆ ವಿಂಗಡಣೆ

ಎಲ್ಲ ಸಂರಕ್ಷಿತ ಪ್ರದೇಶಗಳಿಗೂ ಒಂದೇ ಬಣ್ಣ ಹಚ್ಚುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವಂತಿಲ್ಲ. ವನ್ಯಜೀವಿಧಾಮದಲ್ಲಿಯಾದರೋ ಕೆಲವು ಹಕ್ಕುಗಳು ಮುಂದುವರಿಯಲು ಅವಕಾಶವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ ೨೦೦೬ರ ಅರಣ್ಯ ಹಕ್ಕು ಕಾಯ್ದೆಯಡಿ ೨೦೧೧ರಲ್ಲಿ ಸಮುದಾಯ ಹಕ್ಕುಗಳು ದೊರೆತಿವೆ. ಬಂಡೀಪುರದ ಸುತ್ತ ೨೦೧೨ರಲ್ಲಿ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಲಾಯಿತು. ಅಲ್ಲಿ ರೈತರು ಬೇಸಾಯ ಮುಂದುವರಿಸಬಹುದು. ಗಣಿಗಾರಿಕೆಯಂಥ ಕೆಲಸಗಳಿಗೆ ಮಾತ್ರ ನಿರ್ಬಂಧ.

ಆದ್ದರಿಂದ ಚೌಕಗಳನ್ನು 'ಮುಚ್ಚಿದ್ದು', 'ಷರತ್ತಿನದು', 'ತೆರೆದದ್ದು' ಎಂದು ಮೂರು ಬಗೆಯಾಗಿ ಗುರುತಿಸಬೇಕು. ಸೂಕ್ಷ್ಮ ವಲಯದ ಅರಿಶಿನದ ಹೊಲವನ್ನು ಮುಚ್ಚಿದ ಚೌಕವೆಂದು ಬರೆದರೆ, ಕಾನೂನು ಒಪ್ಪಿದ ಬೇಸಾಯವನ್ನೇ ನಕ್ಷೆ ಅಳಿಸಿಹಾಕಿದಂತಾಗುತ್ತದೆ.

ಗೆರೆಯ ದಪ್ಪ, ಚೌಕದ ಅಳತೆ

೧:೫೦,೦೦೦ ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ೨೫ ಮೀಟರ್ ಆಗುತ್ತದೆ. ಹಳೆಯ ಸರ್ವೆ ನಕ್ಷೆಗಳ ಅಳತೆಯ ಆಧಾರವೇ ಬೇರೆ, ಇಂದಿನ ಉಪಗ್ರಹ ಚಿತ್ರಗಳದೇ ಬೇರೆ. ಇವೆರಡನ್ನು ಸರಿಹೊಂದಿಸದೆ ಜೋಡಿಸಿದರೆ ಗಡಿಯು ನೂರಾರು ಅಡಿ ಜರುಗುತ್ತದೆ.

ಚೌಕದ ಅಳತೆಯೂ ಮುಖ್ಯ. ೩೦ ಮೀಟರ್ ಬದಿಯ ಚೌಕವೆಂದರೆ ಸುಮಾರು ೯ ಗುಂಟೆ. ೧೦೦ ಮೀಟರ್ ಬದಿಯದಾದರೆ ಒಂದು ಹೆಕ್ಟೇರ್, ಅಂದರೆ ೨ ಎಕರೆ ೧೯ ಗುಂಟೆ. ಚೌಕದ ನಡುಬಿಂದು ಕಾಡಿನಲ್ಲಿ ಬಿದ್ದರೆ ಸಾಮಾನ್ಯವಾಗಿ ಇಡೀ ಚೌಕ ಕಾಡೆಂದೇ ಲೆಕ್ಕ. ಆಗ ಅಂಚಿನಲ್ಲಿರುವ ಒಂದು ಎಕರೆಯ ಹಿಡುವಳಿ ಪೂರ್ತಿ ಮಾಯವಾಗಬಹುದು. ಹಾಗೆಯೇ ಕಿರಿದಾದ ಆನೆದಾರಿ ದೊಡ್ಡ ಚೌಕಗಳಲ್ಲಿ ಕಾಣೆಯಾಗಿ, ಅಲ್ಲಿ ಸಾಗುವಳಿ ಬರುತ್ತದೆಂದು ಯಂತ್ರ ಹೇಳಬಹುದು. ಗಡಿಯ ಹತ್ತಿರ ಚಿಕ್ಕ ಚೌಕಗಳನ್ನೇ ಬಳಸುವುದು ಉತ್ತಮ.

ಗಮನದಲ್ಲಿಡಬೇಕಾದ ಇತರ ಅಂಶಗಳು

೧. ಒಳಗಿನ ಹಳ್ಳಿಗಳು: ಮಲೆ ಮಹದೇಶ್ವರ ಬೆಟ್ಟದ ಕಾಡಿನ ನಡುವೆ ಊರುಗಳೂ ಹೊಲಗಳೂ ಇವೆ. ಹೊರಗಡಿಯನ್ನು ಮಾತ್ರ ಎಳೆದರೆ ಇವೆಲ್ಲ ಕಾಡಿನೊಳಗೆ ಸೇರಿಹೋಗುತ್ತವೆ. ಅಧಿಸೂಚನೆಯನ್ನು ಓದಿ ಒಳಗಡಿಗಳನ್ನೂ ಎಳೆಯಬೇಕು.

೨. ಘೋಷಣೆಯ ವರ್ಷ: ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು ೨೦೧೩ರಲ್ಲಿ. ೨೦೦೦ ಮತ್ತು ೨೦೧೦ರ ಚಿತ್ರಗಳನ್ನು ಹೋಲಿಸುವಾಗ ಅದನ್ನು ವನ್ಯಜೀವಿಧಾಮವೆಂದು ಎಣಿಸಬಾರದು. ಪ್ರತಿ ಪ್ರದೇಶದೊಡನೆ ಘೋಷಣೆಯ ವರ್ಷವನ್ನು ದಾಖಲಿಸಬೇಕು.

೩. ನೆರೆರಾಜ್ಯದ ಕಾಡು: ಬಂಡೀಪುರಕ್ಕೆ ತಮಿಳುನಾಡಿನ ಮುದುಮಲೈ ಮತ್ತು ಕೇರಳದ ವಯನಾಡು ಕಾಡುಗಳು ಹೊಂದಿಕೊಂಡಿವೆ. ರಾಜ್ಯದ ಗಡಿಯಲ್ಲಿಯೇ ನಕ್ಷೆಯನ್ನು ಕತ್ತರಿಸಿದರೆ ಕಾಡಿನಿಂದ ಹೊಲಕ್ಕಿರುವ ದೂರದ ಲೆಕ್ಕ ತಪ್ಪುತ್ತದೆ.

೪. ಮೀಸಲು ಅರಣ್ಯ: ಇದು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದಿದ್ದರೂ ೧೯೮೦ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ. ಇದಕ್ಕೆ ಬೇರೆ ಪದರವನ್ನು ಮಾಡಬೇಕು.

ಪರಿಶೀಲನೆ

ಪದರ ಸಿದ್ಧವಾದ ಮೇಲೆ ಅದನ್ನು ಗ್ರಾಮ ನಕಾಶೆಯ ಮೇಲಿಟ್ಟು ಗಡಿಯ ಸರ್ವೆ ನಂಬರುಗಳನ್ನು ಒಂದೊಂದಾಗಿ ನೋಡಬೇಕು. ಬಳಿಕ ಕೆಲವು ಗಡಿಕಲ್ಲುಗಳ ಬಳಿಗೆ ಹೋಗಿ, ಊರಿನ ಹಿರಿಯರೊಡನೆ ನಿಂತು ಸ್ಥಳವನ್ನು ತಾಳೆ ನೋಡಬೇಕು. ವಿಸ್ತರಣಾ ಕಾರ್ಯಕರ್ತರು ಈ ಕೆಲಸದಲ್ಲಿ ಹೆಚ್ಚಿನ ನೆರವು ನೀಡಬಲ್ಲರು. ಕೊನೆಯಲ್ಲಿ ಅಂದಾಜನ್ನು ಈ ಪದರ ಇಟ್ಟು ಒಮ್ಮೆ, ತೆಗೆದು ಒಮ್ಮೆ ಮಾಡಿ ನೋಡಿದರೆ ಸಂರಕ್ಷಣೆಯಿಂದ ಒತ್ತಡ ಯಾವ ಹಳ್ಳಿಗಳತ್ತ ಸರಿಯುತ್ತದೆಂಬುದು ತಿಳಿಯುತ್ತದೆ.

ರೈತರು ತಮ್ಮ ಸರ್ವೆ ನಂಬರಿನ ಸ್ಥಾನವನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಪಹಣಿಯೊಡನೆ ಹೋಲಿಸಿಕೊಳ್ಳಬಹುದು. ಇಂಥ ಅಂದಾಜು ಕಾನೂನಲ್ಲ. ಅದರಿಂದ ಯಾರ ಹಕ್ಕೂ ಹೋಗುವುದಿಲ್ಲ. ಆದರೆ ಯೋಜನೆಗಳು ಅದನ್ನು ನಂಬಿ ರೂಪುಗೊಳ್ಳುವುದರಿಂದ, ನಿಮ್ಮ ಊರಿನ ನಕ್ಷೆಯನ್ನು ಪರಿಶೀಲನೆಗೆ ತಂದಾಗ ತಪ್ಪದೆ ಹಾಜರಿದ್ದು, ಕಂಡ ತಪ್ಪನ್ನು ಸರ್ವೆ ನಂಬರು ಸಹಿತ ಬರೆದು ಕೊಡಿ.